ಎಲ್ಬೋಗೆ ಕಾಲು ಕೊಡೋ ಮುಂಚೆ ಪ್ಯಾಡ್ ಹಾಕಿಸಿ

ಜಮಖಂಡಿ ಕಡೆ ಕೃಷ್ಣಾ ದಂಡೆಯ ಪಂಪ್‌ಗಳಲ್ಲಿ ನಾನು ಪೈಪ್ ಫಿಟ್ಟಿಂಗ್ ಕೆಲಸ ಮಾಡ್ತೀನಿ. ಬೇಸಿಗೆ ಬಂತು ಅಂದ್ರೆ ಬರೋ ಫೋನ್‌ಗಳಲ್ಲಿ ಒಂದು ದೂರು ತಪ್ಪೋದಿಲ್ಲ: "ಅಣ್ಣಾ, ಎಲ್ಬೋ ಒಡದು ನೀರು ಚಿಮ್ಮಾಕತ್ತೈತಿ." ಹೋಗಿ ನೋಡಿದ್ರೆ ಹೆಚ್ಚಿನ ಕಡೆ ಒಂದೇ ಜಾಗ. ದಂಡೆ ಹತ್ತೋಕೆ ಪೈಪ್ ಮೇಲಕ್ಕೆ ತಿರುಗುತ್ತಲ್ಲ, ಆ ಎಲ್ಬೋ ಕೆಳಗೆ ಆಧಾರಕ್ಕಂತ ನೇರವಾಗಿ ಬೆಸೆದ ಪೈಪ್ ಕಾಲಿನ ವೆಲ್ಡಿಂಗ್ ಅಂಚು. ಕೂದಲಿನಷ್ಟು ಸೀಳು. ಕಬ್ಬಿಗೆ ನೀರು ಬೇಕಾದ ಹೊತ್ತಲ್ಲೇ ಮೋಟರ್ ನಿಂತಿರುತ್ತೆ.

ಯಾಕೆ ಅಲ್ಲೇ ಒಡೆಯುತ್ತೆ? ಮೊದಲು ಭಾರದ ಲೆಕ್ಕ ನೋಡಿ. ಪೈಪ್ 4 ಇಂಚಿನದು, ನೀರು ಏರೋ ಎತ್ತರ 40 ಮೀಟರ್ ಅಂತಿಟ್ಟುಕೊಳ್ಳಿ. ಒತ್ತಡ ಸುಮಾರು 4 ಕೆಜಿ ಪ್ರತಿ ಚದರ ಸೆಂ.ಮೀ.ಗೆ, ಪೈಪ್ ಬಾಯಿ ಸುಮಾರು 78 ಚ.ಸೆಂ.ಮೀ. ಗುಣಿಸಿದ್ರೆ 310 ಕೆಜಿ ಆಸುಪಾಸು. ನೀರು 90 ಡಿಗ್ರಿ ತಿರುಗುವಾಗ ಎಲ್ಬೋವನ್ನು ಕೆಳಕ್ಕೂ ಇಷ್ಟು ನೂಕುತ್ತೆ, ಹೊರಕ್ಕೂ ಇಷ್ಟೇ ನೂಕುತ್ತೆ. ಎರಡೂ ಸೇರಿ ಓರೆಯಾಗಿ 440 ಕೆಜಿ. ಪೈಪ್‌ಲೈನ್ ಪೂರ್ತಿ ವೆಲ್ಡ್ ಆಗಿದ್ರೆ ಬಹುಪಾಲು ಪೈಪೇ ತಡ್ಕೊಳ್ಳುತ್ತೆ. ಹತ್ತಿರದಲ್ಲಿ ರಬ್ಬರ್ ಜಾಯಿಂಟ್ ಇದ್ರೆ ಎಲ್ಲ ಕಾಲಿನ ಮೇಲೇ. ಇದರ ಜೊತೆ ನೀರು ತುಂಬಿದ ಪೈಪಿನ ತೂಕ, ಮೀಟರಿಗೆ 20 ಕೆಜಿ ಹತ್ತಿರ.

ತೂಕಕ್ಕಿಂತ ಕೆಟ್ಟದ್ದು ಅದುರು. 2880 ಆರ್‌ಪಿಎಂ ಮೋಟರ್ ಸೆಕೆಂಡಿಗೆ 48 ಸುತ್ತು ತಿರುಗುತ್ತೆ, ಗಂಟೆಗೆ 1,72,800. ಒಂದೊಂದು ಸುತ್ತಿಗೂ ಚೂರು ಅದುರಿದ್ರೂ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದ ಹಾಗೆ. ಮಧ್ಯೆ ಕರೆಂಟ್ ಹೋಯ್ತು ಅಂದ್ರೆ ನೀರು ವಾಪಸ್ ಬಂದು ಎನ್‌ಆರ್‌ವಿ ಧಡ್ ಅಂತ ಮುಚ್ಚುತ್ತೆ; ಆ ಏಟು ಬೇರೆ. ಇನ್ನು ಎಲ್ಬೋ ಬಗ್ಗಿಸುವಾಗ ಹೊರಮೈ ಲೋಹ ಹಿಗ್ಗಿ ತೆಳುವಾಗಿರುತ್ತೆ. ನದಿ ಮರಳು ಒಳಗಿನಿಂದ ಸವೆಸೋದೂ ಅದೇ ಹೊರಮೈಯನ್ನ. ನಾವು ಕಾಲು ಬೆಸೆಯೋದೂ ಅಲ್ಲಿಗೇ!

ಪರಿಹಾರ ದೊಡ್ಡದೇನಲ್ಲ. ಎಲ್ಬೋಗೂ ಕಾಲಿಗೂ ನಡುವೆ ಒಂದು ಪ್ಯಾಡ್. ಎಲ್ಬೋ ಎಷ್ಟು ದಪ್ಪವೋ ಅಷ್ಟೇ ದಪ್ಪದ ಪ್ಲೇಟ್, ಕಾಯಿಸಿ ಬಡಿದು ಎಲ್ಬೋ ಮೈಗೆ ಸರಿಯಾಗಿ ಕೂರಬೇಕು. ಸಂದು ಬಿಟ್ಟು ವೆಲ್ಡಿಂಗ್‌ನಲ್ಲಿ ತುಂಬ್ತೀನಿ ಅನ್ನೋ ವೆಲ್ಡರ್ ಮಾತು ಕೇಳಬೇಡಿ. ಎರಡೂವರೆ ಇಂಚಿನ ಕಾಲಾದ್ರೆ ಸುತ್ತ ಒಂದೂವರೆ ಇಂಚು ಹೊರಗೆ ಬರೋ ಹಾಗೆ ನಾನು ಕತ್ತರಿಸ್ತೀನಿ, ಮೂಲೆಗಳನ್ನ ದುಂಡಗೆ ಮಾಡ್ತೀನಿ. ಚೂಪು ಮೂಲೆಯಿಂದಲೇ ಸೀಳು ಶುರುವಾಗೋದು. ಪ್ಯಾಡ್ ಸುತ್ತ ಪೂರ್ತಿ ವೆಲ್ಡ್, ಆಮೇಲೆ ಕಾಲು ಪ್ಯಾಡ್ ಮೇಲೆ. ಆಗ ಭಾರ ಒಂದು ಸಣ್ಣ ಬಳೆಯಷ್ಟು ಜಾಗದಲ್ಲಿ ನಿಲ್ಲದೆ ಅಗಲಕ್ಕೆ ಹರಡುತ್ತೆ.

ಒಂದು ವಿಷಯ ಸುಮಾರು ಜನ ಬಿಡ್ತಾರೆ. ವೆಲ್ಡ್ ಮಾಡೋಕೆ ಮುಂಚೆನೇ ಪ್ಯಾಡ್‌ನಲ್ಲಿ, ಕಾಲಿನಿಂದ ಆಚೆ, 6 ಮಿ.ಮೀ. ತೂತು ಕೊರೆಸಿ. ಒಳಗೆ ಸಿಕ್ಕಿದ ಗಾಳಿ ಕಾದು ಹಿಗ್ಗಿದಾಗ ಹೊರಗೆ ಹೋಗೋಕೆ ದಾರಿ ಬೇಕು. ಆಮೇಲೆ ಅದನ್ನ ಬೆಸೆದು ಮುಚ್ಚಬೇಡಿ, ಗ್ರೀಸ್ ತುಂಬಿದ್ರೆ ಸಾಕು. ಮುಂದೊಂದು ದಿನ ಅಲ್ಲಿಂದ ನೀರು ಜಿನುಗಿತು ಅಂದ್ರೆ ಪ್ಯಾಡ್ ಕೆಳಗೆ ಎಲ್ಬೋ ತೂತಾಗಿದೆ ಅಂತ ಅರ್ಥ.

ಎಲ್ಬೋ ಆಗಲೇ ಸವೆದು ತೆಳುವಾಗಿದ್ರೆ ಪ್ಯಾಡ್ ಹಾಕೋದು ದಂಡ, ಎಲ್ಬೋನೇ ಬದಲಾಯಿಸಿ. ಜಿಐ ಪೈಪ್ ಆದ್ರೆ ಬೆಸೆಯೋ ಜಾಗದ ಸತುವಿನ ಲೇಪ ಗ್ರೈಂಡರ್‌ನಲ್ಲಿ ತೆಗೆಸಿ, ಬಯಲು ಗಾಳಿಯಲ್ಲಿ ಕೆಲಸ ಮಾಡಿಸಿ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತೆ. ಪೈಪ್ ನೀರು ಖಾಲಿ ಮಾಡಿ, ಮೇನ್ ಆಫ್ ಮಾಡಿ. ವೆಲ್ಡಿಂಗ್ ಅರ್ಥ್ ಕ್ಲಾಂಪನ್ನು ಎಲ್ಬೋಗೇ ಹಿಡಿಸಿ, ಮೋಟರ್‌ಗೆ ಹಾಕಿದ್ರೆ ಕರೆಂಟ್ ಬೇರಿಂಗ್ ಮೂಲಕ ಹಾಯ್ದು ಅದನ್ನೂ ಕೆಡಿಸುತ್ತೆ.

ನೇರ ಪೈಪ್ ಹತ್ತಿರದಲ್ಲೇ ಇದ್ದು ಯು-ಕ್ಲಾಂಪ್ ಸ್ಟ್ಯಾಂಡ್ ಕೊಡೋ ಹಾಗಿದ್ರೆ ಎಲ್ಬೋ ಮುಟ್ಟಲೇಬೇಡಿ. ನನ್ನ ಮಟ್ಟಿಗೆ ಅದೇ ಮೇಲು.

ಕಾಲಿನ ಬುಡದಲ್ಲಿ ಬೋಲ್ಟ್ ಪ್ಲೇಟ್ ಇಡಿಸಿ, ಕಾಂಕ್ರೀಟ್‌ನಲ್ಲಿ ಹೂಳಬೇಡಿ. ಹೊಳೆ ಏರಿದಾಗ ಮೋಟರ್ ಎತ್ತುವಾಗ ಬೋಲ್ಟ್ ಬಿಚ್ಚಿದ್ರಾಯ್ತು. ಮತ್ತೆ ಕೂರಿಸಿದ ದಿನ ವೆಲ್ಡಿಂಗ್ ಅಂಚಿನ ಫೋಟೋ ಮೊಬೈಲ್‌ನಲ್ಲಿ ಹತ್ತಿರದಿಂದ ತೆಗೆದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಒರೆಸಿ, ಟಾರ್ಚ್ ಹಾಕಿ, ಹಳೇ ಫೋಟೋ ಪಕ್ಕ ಇಟ್ಟು ನೋಡಿ. ತುಕ್ಕಿನ ಸಣ್ಣ ಗೆರೆ ಹೊಸದಾಗಿ ಕಂಡ್ರೆ ಅವತ್ತೇ ವೆಲ್ಡರ್‌ಗೆ ಹೇಳಿ.