ಇಪ್ಪತ್ತೈದು ದಿನದ ಬೇಸಾಯ

ಬೆಂಗಳೂರಿನ ಹೆಣ್ಣೂರಿನಿಂದ ಬಾಗಲೂರಿನ ಕಡೆಗೆ ಹೋಗುವ ರಸ್ತೆಯಲ್ಲಿ, ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟೊಂದರ ಬೆನ್ನಿಗೆ ಮೂವತ್ತು ಕುಂಟೆಯ ಸೊಪ್ಪಿನ ತೋಟವಿದೆ. ಮೂವತ್ತು ಕುಂಟೆ ಎಂದರೆ ಮುಕ್ಕಾಲು ಎಕರೆ. ಈ ರಸ್ತೆಯಲ್ಲಿ ಈಗ ಯಾರೂ ಹಾಗೆ ಲೆಕ್ಕ ಹಾಕುವುದಿಲ್ಲ. ಕುಂಟೆಗೆ 1,089 ಚದರಡಿ, ಥರ್ಟಿ–ಫಾರ್ಟಿ ಸೈಟಿಗೆ 1,200. ರಸ್ತೆಗೆ, ಚರಂಡಿಗೆ ಬಿಟ್ಟು ನೋಡುವವರ ಕಣ್ಣಿಗೆ ಇದು ಹದಿನೈದು ಸೈಟು. ಬೇಲಿಯೊಳಗೆ ಕುಕ್ಕರಗಾಲಲ್ಲಿ ಕೂತು ದಂಟು ಕೀಳುತ್ತಿದ್ದ ಹೆಂಗಸಿಗೆ ಮಾತ್ರ ನಲವತ್ತೆರಡು ಮಡಿ.

ಮಡಿಗಳೆಲ್ಲ ಒಂದೇ ವಯಸ್ಸಿನವಲ್ಲ. ಒಂದರಲ್ಲಿ ಮೆಂತ್ಯ ಈಗಷ್ಟೇ ಎರಡೆಲೆ ಬಿಟ್ಟಿದೆ, ಪಕ್ಕದ್ದರಲ್ಲಿ ಸಬ್ಬಸಿಗೆ ಮೊಣಕಾಲಿನತ್ತ ಬಂದಿದೆ, ಅದರಾಚೆ ಪಾಲಕ್ಕನ್ನು ಎರಡನೆಯ ಸಲ ಕೊಯ್ದಾಗಿದೆ. ಎರಡು ಮೂರು ದಿನಕ್ಕೊಂದು ಮಡಿ ಬಿತ್ತುತ್ತಾ ಹೋದರೆ ದಿನವೂ ಕೀಳುವುದಕ್ಕೆ ಏನಾದರೂ ಇರುತ್ತದೆ. ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಕೈಯಲ್ಲಿ ನಿಲ್ಲದು; ಮರಳಿನ ಜೊತೆ ಬೆರೆಸಿ ಚೆಲ್ಲಬೇಕು. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡದಿದ್ದರೆ ಮೊಳಕೆ ತಡ. ಮೆಂತ್ಯ, ದಂಟು ಇಪ್ಪತ್ತೈದು ದಿನದ ಆಸುಪಾಸಿನಲ್ಲಿ ಕೈಗೆ ಬರುತ್ತವೆ. ಕೊತ್ತಂಬರಿಗೆ ನಲವತ್ತಾದರೂ ಬೇಕು.

ದಿನಗಳ ಈ ಲೆಕ್ಕವನ್ನು ನಾನು ಮೊದಲು ಬರಿಯ ಬೇಸಾಯದ ವಿಷಯ ಎಂದುಕೊಂಡಿದ್ದೆ. “ಇದೇ ನೆಲದಲ್ಲಿ ರಾಗಿ ಹಾಕಬಾರದಾ ಅಕ್ಕ?” ಎಂದೆ. ಆಕೆ ತಲೆಯೆತ್ತದೆ, “ರಾಗಿಗೆ ನಾಕು ತಿಂಗ್ಳು ಬೇಕಣ್ಣ. ನಾಕು ತಿಂಗ್ಳು ಈ ಜಮೀನು ಇರ್ತದೋ ಇಲ್ವೋ, ಯಾರ್ಗೊತ್ತು?” ಎಂದಳು.

ಜಮೀನು ಆಕೆಯದಲ್ಲ. ಒಡೆಯರು ಒಳ್ಳೆಯ ಬೆಲೆಗೆ ಕಾಯುತ್ತಿದ್ದಾರೆ. ಕಾಯುವಷ್ಟು ದಿನ ನೆಲ ಖಾಲಿ ಬಿದ್ದರೆ ಕಸ ಸುರಿಯುವವರು ಬರುತ್ತಾರೆ, ಗುಡಿಸಲು ಹಾಕುವವರು ಬರುತ್ತಾರೆ. ಸೊಪ್ಪು ಬೆಳೆಯುವವಳಿದ್ದರೆ ಬೇಲಿಯೂ ಇರುತ್ತದೆ, ಕಾವಲೂ ಆಗುತ್ತದೆ, ಮೇಲೆ ವರ್ಷಕ್ಕಿಷ್ಟು ಎಂದು ಗುತ್ತಿಗೆ ಹಣ. ಕಾಗದ ಪತ್ರ ಮಾತ್ರ ಇಲ್ಲ, ಎಲ್ಲ ಬಾಯಿಮಾತು. ಅದಕ್ಕೊಂದು ಹಳೆಯ ಕಾರಣವಿದೆ. ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನೇ ಅಳಿಸಿಹಾಕಿತು. ದೇವರಾಜ ಅರಸರ ಕಾಲದ ಆ ಕಾನೂನು ಲಕ್ಷಾಂತರ ಗೇಣಿದಾರರಿಗೆ ನೆಲ ಕೊಟ್ಟಿದ್ದು ನಿಜ. ಆದರೆ ಅಂದಿನಿಂದ ಬೇರೆಯವರ ಕೈಗೆ ಹೊಲ ಕೊಡುವ ಯಾವ ಒಡೆಯನೂ ಅದನ್ನು ಬರೆದು ಕೊಡುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಬೆಳೆಸಾಲವಿಲ್ಲ, ಮಳೆಯಲ್ಲಿ ಕೊತ್ತಂಬರಿ ಕೊಳೆತರೆ ಪರಿಹಾರವೂ ಇಲ್ಲ. ಇನ್ನೊಂದು ತಿದ್ದುಪಡಿ 2020ರಲ್ಲಿ ಬಂತು. ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾಯಿತು. ಹೀಗೆ ಕೊಳ್ಳುವವರಿಗೆ ಬಾಗಿಲು ತೆರೆಯಿತು, ಗುತ್ತಿಗೆಗೆ ಮಾಡುವವಳ ಮಾತು ಬಾಯಿಮಾತಾಗಿಯೇ ಉಳಿಯಿತು. ಯಾವತ್ತು ಬೇಕಾದರೂ ಎದ್ದು ಹೋಗಬೇಕಾದವರಿಗೆ ಸೊಪ್ಪಿನಷ್ಟು ಒಗ್ಗುವ ಬೆಳೆ ಬೇರೆ ಯಾವುದಿದೆ?

ಬೆಂಗಳೂರು ಬೆಳೆದಂತೆಲ್ಲ ಅದರ ತೋಟಗಳ ಬೆಳೆ ಗಿಡ್ಡವಾಗುತ್ತಾ ಬಂದಿದೆ ಎಂಬುದು ನನ್ನ ಅನುಮಾನ. ಈ ತೋಟದ ಮೂಲೆಯಲ್ಲಿ ಸಾಲಾಗಿ ಆರು ಕಲ್ಲುಕಂಬಗಳಿವೆ, ಈಗ ಅವುಗಳಿಗೆ ಬಟ್ಟೆ ಒಣಹಾಕುವ ತಂತಿ. ಒಂದು ಕಾಲಕ್ಕೆ ಅವು ದ್ರಾಕ್ಷಿ ಚಪ್ಪರ ಹೊತ್ತಿದ್ದವು. ಬೆಂಗಳೂರು ಬ್ಲೂ ದ್ರಾಕ್ಷಿ ಈ ಸೀಮೆಯ ಹೆಮ್ಮೆ. ಇಂದು ಹಾಪ್‌ಕಾಮ್ಸ್ ಎಂದು ಕರೆಯುವ ಸಂಸ್ಥೆ 1959ರಲ್ಲಿ ತೋಟಗಾರಿಕಾ ತಜ್ಞ ಮರಿಗೌಡರ ಮುತುವರ್ಜಿಯಿಂದ ಶುರುವಾದದ್ದೂ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ. ಬಳ್ಳಿ ನೆಟ್ಟವನು ಹತ್ತಾರು ವರ್ಷ ಇದೇ ನೆಲದಲ್ಲಿ ಇರುತ್ತೇನೆಂದು ನಂಬಿ ಕಲ್ಲು ನಿಲ್ಲಿಸಿದ್ದ. ಅದಕ್ಕೂ ಹಿಂದೆ ಪೇಟೆಯ ಸುತ್ತ ಕಪಿಲೆ ಹೊಡೆದು ಹೂವು, ತರಕಾರಿ ಬೆಳೆದ ತಿಗಳರ ತೋಟಗಳು ಕೆರೆಗಳ ಮಗ್ಗುಲಲ್ಲಿದ್ದವು. ಸಂಪಂಗಿ ಕೆರೆಯ ಅಂಗಳ ಕಂಠೀರವ ಕ್ರೀಡಾಂಗಣವಾಯಿತು. ತಿಗಳರ ಕರಗದ ಶಾಸ್ತ್ರಕ್ಕೆಂದು ಒಂದು ಪುಟ್ಟ ಕೊಳದಷ್ಟು ನೀರು ಉಳಿಯಿತು. ತೋಟ ಹೋದ ಮೇಲೂ ಕರಗ ಪ್ರತಿ ಚೈತ್ರದ ಹುಣ್ಣಿಮೆಗೆ ಹೊರಡುತ್ತದೆ.

ಅಪಾರ್ಟ್‌ಮೆಂಟಿನಿಂದ ಕೇಡೇ ಆಗಿದೆ ಎಂದು ಕಥೆ ಕಟ್ಟುವುದು ಸುಲಭ. ಕೇಡು ಇದೆ. ಬಾಲ್ಕನಿಗಳಿಂದ ಚಾಕೊಲೇಟ್ ಕಾಗದ, ಒಡೆದ ಬಟ್ಟೆಕ್ಲಿಪ್ಪು ಮಡಿಗೆ ಬೀಳುತ್ತವೆ. ಪಾರಿವಾಳಗಳು ಬಿತ್ತಿದ ಬೀಜವನ್ನು ಹೆಕ್ಕುತ್ತವೆ. ಬೀದಿದೀಪದ ಕಂಬದ ಬಳಿಯ ಮಡಿಯಲ್ಲಿ ಸಬ್ಬಸಿಗೆ ಬೇಗ ಹೂಬಿಟ್ಟು ಕೆಟ್ಟಿತು ಎಂದು ಆಕೆ ದೂರುತ್ತಾಳೆ. ನಗಬೇಡಿ; ಸಬ್ಬಸಿಗೆ ಹಗಲು ಉದ್ದವಾದಾಗ ಹೂಬಿಡುವ ಜಾತಿಯ ಗಿಡ, ರಾತ್ರಿಯಿಡೀ ಉರಿಯುವ ದೀಪವನ್ನು ಅದು ಹಗಲೆಂದು ತಿಳಿದರೆ ತಪ್ಪೇನು? ಈಗ ಆ ಮಡಿಗೆ ಬರೀ ದಂಟು.

ಅದೇ ಕಟ್ಟಡದ ನೆರಳನ್ನು ಮಾತ್ರ ಆಕೆ ಬೈಯುವುದಿಲ್ಲ. ಕಟ್ಟಡ ಪಡುವಣಕ್ಕಿದೆ, ಮೂರು ಗಂಟೆ ಹೊಡೆಯುತ್ತಲೇ ಅರ್ಧ ತೋಟಕ್ಕೆ ನೆರಳು. ಮಾರ್ಚ್, ಏಪ್ರಿಲ್ ಬಿಸಿಲಿಗೆ ಕೊತ್ತಂಬರಿ ಎತ್ತರಕ್ಕೆ ಹಾರಿ ಹೂವಾಗಿಬಿಡುತ್ತದೆ, ಅದಕ್ಕೆಂದೇ ಬೇರೆಯವರು ದುಡ್ಡು ಕೊಟ್ಟು ಹಸಿರು ಪರದೆ ಕಟ್ಟುತ್ತಾರೆ. ಬೇಸಿಗೆಯಲ್ಲೇ ಕೊತ್ತಂಬರಿಗೆ ಬೆಲೆ. “ಬಿಲ್ಡಿಂಗೇ ನಮ್ಗೆ ಚಪ್ಪರ” ಎಂದು ಆಕೆ ನಕ್ಕಳು.

ನೀರಿನದು ಇನ್ನೂ ಸ್ವಾರಸ್ಯ. ಕೊಳವೆಬಾವಿ 2024ರ ಬೇಸಿಗೆಯಲ್ಲಿ ಕೈಕೊಟ್ಟಿತು. ಅತ್ತ ಅಪಾರ್ಟ್‌ಮೆಂಟಿನಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು, ಗಿಡಗಳಿಗೆ ಬಿಟ್ಟು, ಶೌಚಕ್ಕೆ ಬಿಟ್ಟು ಮಿಕ್ಕಿ ಹರಿಯುತ್ತಿತ್ತು. ಕಾಂಪೌಂಡಿನ ಮೇಲಿಂದ ಒಂದು ಪೈಪು ಬಂತು. ಇಂಥ ನೀರೆಂದರೆ ಮೂಗು ಮುರಿಯುವವರಿದ್ದಾರೆ, ಮುರಿಯುವುದಕ್ಕೆ ಕಾರಣವೂ ಇದೆ: ಕಾರ್ಖಾನೆಗಳ ಕೊಳೆ ಸೇರಿದ ವೃಷಭಾವತಿಯ ನೀರಿನ ಸೊಪ್ಪಿನಲ್ಲಿ ಭಾರಲೋಹ ಸಿಕ್ಕಿದ್ದು ಸುಳ್ಳಲ್ಲ. ಮನೆಗಳ ನೀರಿನಲ್ಲಿ ಆ ಭಯ ಕಡಿಮೆ, ಆದರೆ ಘಟಕ ನೆಟ್ಟಗೆ ಓಡುತ್ತಿರಬೇಕು. ಘಟಕ ನಿಂತ ದಿನ ವಾಸನೆಯೇ ಹೇಳುತ್ತದೆ. ಆವತ್ತು ಆಕೆ ಪೈಪು ಕಳಚಿಡುತ್ತಾಳೆ. ಸಂಜೆ ಗೇಟಿನ ಬಳಿ ಸೊಪ್ಪು ಹರವಿದಾಗ ಅದೇ ಅಪಾರ್ಟ್‌ಮೆಂಟಿನವರು ಬಂದು, “ಆರ್ಗ್ಯಾನಿಕ್ಕಾ? ನೀರು ಯಾವುದು?” ಎಂದು ಕೇಳುತ್ತಾರೆ. “ನಿಮ್ದೇ ಅಮ್ಮಾ” ಎನ್ನುವ ಮಾತು ನಾಲಿಗೆ ತುದಿಗೆ ಬಂದು ನಿಲ್ಲುತ್ತದಂತೆ.

ಮುಂಚೆ ಮಧ್ಯಾಹ್ನ ಕಿತ್ತು, ಕಟ್ಟು ಕಟ್ಟಿ, ನೀರು ಚಿಮುಕಿಸಿ, ನಡುರಾತ್ರಿ ಲಗೇಜ್ ಆಟೊದಲ್ಲಿ ಕೆ.ಆರ್. ಮಾರ್ಕೆಟ್ಟಿಗೆ. ಬೆಳಗಾಗುವ ಹೊತ್ತಿಗೆ ಮಾಲು ಹೆಚ್ಚಿದ್ದರೆ ಆಟೊ ಬಾಡಿಗೆಯೂ ಹುಟ್ಟದು. ಈಗ ಅರ್ಧ ಮಾಲು ಗೇಟಿನಲ್ಲೇ ಹೋಗುತ್ತದೆ. ಮಗಳು ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಹಾಕುತ್ತಾಳೆ, ಮನೆ ನಂಬರ್ ಸಮೇತ ಆರ್ಡರ್ ಬರುತ್ತದೆ. ಬಸ್ಸಾರಿಗೆ ಬೆರಕೆ ಸೊಪ್ಪು ಕೇಳುವವರು ಕೆಲವರೇ; ಸ್ಮೂದಿಗೆ ಪಾಲಕ್ ಕೇಳುವವರು ಹೆಚ್ಚು. ಪಾಲಕ್ ಮಡಿ ನಾಲ್ಕಿದ್ದದ್ದು ಒಂಬತ್ತಾಗಿದೆ.

ನಾನು ಎರಡನೆಯ ಸಲ ಹೋದಾಗ ಮೂಡಣ ಬದಿಯ ಎಂಟು ಮಡಿಗಳ ನಡುವೆ ತುದಿಗೆ ಕೆಂಪು ಬಣ್ಣ ಬಳಿದ ಗೂಟಗಳಿದ್ದವು. ಸರ್ವೆಯವರು ಹಿಂದಿನ ವಾರ ಬಂದಿದ್ದರಂತೆ. ಏನು, ಯಾವಾಗ ಎಂದು ಒಡೆಯರು ಹೇಳಿರಲಿಲ್ಲ, ಆಕೆಯೂ ಕೇಳಿರಲಿಲ್ಲ. ಗೂಟ ಅಲುಗದಂತೆ ಸುತ್ತ ಮಣ್ಣು ಕೆದಕಿ ಮಡಿ ಹದ ಮಾಡಿದ್ದಳು. ಮಗಳು ಧನಿಯಾ ತಟ್ಟೆ ತಂದು ಪಕ್ಕದಲ್ಲಿಟ್ಟಳು.

“ಅಲ್ಲಿಗೆ ಕೊತ್ಮಿರಿ ಬ್ಯಾಡ ಕಣೇ” ಎಂದಳು ಆಕೆ, “ಮೆಂತ್ಯ ತಗೊಂಬಾ.”