ಸೂಪರ್‌ಚಾರ್ಜರ್ ಕೂರಿಸಿದ ಕಾರಿಗೆ ಎಂಥ ಕ್ಯಾಮ್‌ಶಾಫ್ಟ್?

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವುಗಳು ಯಾವಾಗ ತೆರೆಯಬೇಕು, ಎಷ್ಟು ಎತ್ತರಕ್ಕೆ ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಗೊತ್ತುಮಾಡುವುದು ಕ್ಯಾಮ್‌ಶಾಫ್ಟ್. ಮೈಮೇಲೆ ಉಬ್ಬುಗಳಿರುವ ಈ ದಂಡ, ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ. ಹಳೆಯ ಅಂಬಾಸಿಡರ್‌ನಲ್ಲಿ ಅದು ಎಂಜಿನ್ ಬ್ಲಾಕಿನೊಳಗೇ ಇದ್ದು, ಉದ್ದನೆಯ ಪುಶ್‌ರಾಡ್‌ಗಳ ಮೂಲಕ ವಾಲ್ವುಗಳನ್ನು ಅಲ್ಲಾಡಿಸುತ್ತಿತ್ತು. ಮಾರುತಿ ಜಿಪ್ಸಿಯಲ್ಲಿ ಅದು ಹೆಡ್‌ನ ಮೇಲಿದ್ದು ಬೆಲ್ಟಿನಿಂದ ತಿರುಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯ ಯೆಜ್ಡಿಯಂಥ ಎರಡು ಸ್ಟ್ರೋಕಿನ ಬೈಕುಗಳಿಗೆ ಕ್ಯಾಮ್‌ಶಾಫ್ಟೇ ಬೇಕಿರಲಿಲ್ಲ. ಅಲ್ಲಿ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತಿತ್ತು.

ಕ್ಯಾಮ್‌ನ ಕೆಲಸ ಎಷ್ಟು ಅವಸರದ್ದೆಂಬುದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿಯೊಂದು ಇನ್‌ಟೇಕ್ ವಾಲ್ವೂ ಸೆಕೆಂಡಿಗೆ 25 ಸಲ ತೆರೆಯುತ್ತದೆ. ಅದು ಕ್ರ್ಯಾಂಕಿನ 240 ಡಿಗ್ರಿಯಷ್ಟು ತೆರೆದಿರುತ್ತದೆ ಎಂದುಕೊಂಡರೆ, ಪ್ರತಿ ಸಲಕ್ಕೆ ಸಿಗುವ ಸಮಯ ಸುಮಾರು 13 ಮಿಲಿಸೆಕೆಂಡು. 6,000 ಸುತ್ತಿಗೆ ಹೋದರೆ ಅದರ ಅರ್ಧ. ಸಾಮಾನ್ಯ ಎಂಜಿನ್ನಿನಲ್ಲಿ ಗಾಳಿಯನ್ನು ಒಳಗೆ ನೂಕುವುದು ಹೊರಗಿನ ವಾತಾವರಣದ ಒತ್ತಡ ಮಾತ್ರ. ಆದ್ದರಿಂದ ಹೆಚ್ಚು ವೇಗದಲ್ಲಿ ಸಿಲಿಂಡರ್ ತುಂಬಬೇಕಾದರೆ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡಬೇಕು. ರೇಸಿನ ಕಾರುಗಳಿಗೆ ಹೆಚ್ಚು ಡಿಗ್ರಿಯ ಕ್ಯಾಮ್ ಹಾಕುವುದು ಇದಕ್ಕೇ.

ಸೂಪರ್‌ಚಾರ್ಜರ್ ಬಂದಾಗ ಈ ಲೆಕ್ಕವೇ ಬದಲಾಗುತ್ತದೆ. ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಈ ಬ್ಲೋವರ್ ಗಾಳಿಯನ್ನು ಅದುಮಿ ಕಳಿಸುತ್ತದೆ. ಮರ್ಸಿಡಿಸ್ ಕಂಪನಿ ಇದನ್ನು ಮಾರಾಟದ ಕಾರುಗಳಿಗೆ ಅಳವಡಿಸಿ 1921ರಲ್ಲೇ ಬರ್ಲಿನ್ನಿನಲ್ಲಿ ಪ್ರದರ್ಶಿಸಿತ್ತು. ಆ ಕಂಪನಿಯ ಕಾರುಗಳ ಹಿಂಬದಿಯಲ್ಲಿ ಭಾರತದಲ್ಲೂ ಕಾಣಿಸಿದ ‘ಕೊಂಪ್ರೆಸ್ಸರ್’ ಎಂಬ ಹೆಸರು ಸೂಪರ್‌ಚಾರ್ಜರಿನದೇ. ವಾತಾವರಣದ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡು, ಅದರ ಮೇಲೆ 7 ಪೌಂಡಿನ ಬೂಸ್ಟ್ ಸೇರಿದರೆ ವಾಲ್ವಿನ ಬಾಗಿಲಲ್ಲಿ ಗಾಳಿಯ ಒತ್ತಡ ಸುಮಾರು ಒಂದೂವರೆ ಪಟ್ಟು. ಹೆಚ್ಚು ಡಿಗ್ರಿಯ ಕ್ಯಾಮ್ ಸಮಯ ಕೊಟ್ಟು ಮಾಡಿಸುವ ಕೆಲಸವನ್ನು ಬ್ಲೋವರ್ ಒತ್ತಡದಿಂದಲೇ ಮಾಡಿಬಿಡುತ್ತದೆ. ಹಾಗಿರುವಾಗ ರೇಸಿನ ಕ್ಯಾಮನ್ನೂ ತಂದು ಕೂರಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ನಷ್ಟ ಹೆಚ್ಚಾಗುವುದು ಓವರ್‌ಲ್ಯಾಪಿನಲ್ಲಿ. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮೊದಲೇ ಇನ್‌ಟೇಕ್ ವಾಲ್ವ್ ತೆರೆಯುವುದರಿಂದ, ಸ್ವಲ್ಪ ಹೊತ್ತು ಎರಡೂ ತೆರೆದಿರುತ್ತವೆ. ಬ್ಲೋವರ್ ಇಲ್ಲದ ಎಂಜಿನ್ನಿನಲ್ಲಿ ಹೊರಹೋಗುವ ಹೊಗೆಯ ಸೆಳೆತ ಹೊಸ ಗಾಳಿಯನ್ನು ಒಳಗೆಳೆಯಲು ಇದು ನೆರವಾಗುತ್ತದೆ. ಬೂಸ್ಟ್ ಇದ್ದಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಉರಿಯುವ ಮೊದಲೇ ನೇರವಾಗಿ ಸೈಲೆನ್ಸರ್ ಕಡೆಗೆ ಹಾರಿಹೋಗುತ್ತದೆ. ಪೆಟ್ರೋಲ್ ವ್ಯರ್ಥ, ಎಕ್ಸಾಸ್ಟ್ ಕೆಂಪಗೆ ಕಾಯುತ್ತದೆ, ಬೂಸ್ಟ್ ಮೀಟರಿನ ಮುಳ್ಳೂ ಇಳಿಯುತ್ತದೆ.

ಓವರ್‌ಲ್ಯಾಪ್ ಕಡಿಮೆ ಮಾಡಲು ಎರಡು ಉಬ್ಬುಗಳ ತುದಿಗಳ ನಡುವಿನ ಕೋನವನ್ನು, ಅಂದರೆ ಲೋಬ್ ಸೆಪರೇಷನ್ ಅನ್ನು ಹೆಚ್ಚಿಸುತ್ತಾರೆ. ಇನ್‌ಟೇಕ್ 270 ಡಿಗ್ರಿ, ಎಕ್ಸಾಸ್ಟ್ 280 ಡಿಗ್ರಿ ಇರುವ ಕ್ಯಾಮ್‌ನಲ್ಲಿ ಈ ಕೋನ 110 ಇದ್ದರೆ ಓವರ್‌ಲ್ಯಾಪ್ 55 ಡಿಗ್ರಿ. 114ಕ್ಕೆ ಏರಿಸಿದರೆ 47. ರಸ್ತೆಯ ಸೂಪರ್‌ಚಾರ್ಜ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ 112ರಿಂದ 116ರ ನಡುವೆ ಆಯ್ದುಕೊಳ್ಳುತ್ತಾರೆ. ಎಕ್ಸಾಸ್ಟ್ ಉಬ್ಬನ್ನು ಇನ್‌ಟೇಕಿಗಿಂತ ಹೆಚ್ಚು ಡಿಗ್ರಿ ಇಡುವ ರೂಢಿಯೂ ಇದೆ. ಒಳಗೆ ಹೆಚ್ಚು ಮಿಶ್ರಣ ಉರಿದರೆ ಹೊರಗೆ ಹೋಗಬೇಕಾದ ಹೊಗೆಯೂ ಹೆಚ್ಚು, ಅದನ್ನು ಹೊರದಬ್ಬಲು ಎಕ್ಸಾಸ್ಟಿಗೆ ಬ್ಲೋವರಿನಂಥ ಸಹಾಯವಿಲ್ಲ.

ಬ್ಲೋವರಿನ ಜಾತಿಯನ್ನೂ ನೋಡಬೇಕು. ರೂಟ್ಸ್ ಮತ್ತು ಟ್ವಿನ್ ಸ್ಕ್ರೂ ಬ್ಲೋವರುಗಳು ಕಡಿಮೆ ಸುತ್ತಿನಲ್ಲೇ ಬೂಸ್ಟ್ ಕೊಡುತ್ತವೆ. ಸೆಂಟ್ರಿಫ್ಯೂಗಲ್ ಬ್ಲೋವರಿನ ಬೂಸ್ಟ್ ಎಂಜಿನ್ನಿನ ವೇಗದ ಜೊತೆಗೇ ಏರುತ್ತ ಹೋಗುತ್ತದೆ. ಇದಕ್ಕೆ ತುಸು ಹೆಚ್ಚು ಡಿಗ್ರಿಯ ಕ್ಯಾಮ್ ಒಪ್ಪಬಹುದು, ಆದರೆ ಕೆಳಗಿನ ಸುತ್ತುಗಳಲ್ಲಿ ಬ್ಲೋವರಿನ ನೆರವೂ ಇಲ್ಲದ, ಕ್ಯಾಮಿನ ನೆರವೂ ಇಲ್ಲದ ಸ್ಥಿತಿ ಬರುವುದರಿಂದ ದಿನಬಳಕೆಯ ಕಾರಿಗೆ ಎಚ್ಚರ ಬೇಕು.

ಇಷ್ಟರ ಮೇಲೆ ನಿಜವಾಗಿ ಕ್ಯಾಮನ್ನು ಆರಿಸುವುದು ರಸ್ತೆ. ಕೊಳ್ಳೇಗಾಲ, ಮಾಂಬಳ್ಳಿ, ಯಳಂದೂರಿನ ಸುತ್ತಮುತ್ತ ಓಡಾಡುವ ಕಾರು ಬಯಲಿನ ಗದ್ದೆಗಳ ನಡುವಿನ ರಸ್ತೆಯಲ್ಲೂ ಹೋಗುತ್ತದೆ, ಬಿಳಿಗಿರಿರಂಗನ ಬೆಟ್ಟವನ್ನೂ ಹತ್ತುತ್ತದೆ. ಹನೂರು ದಾಟಿ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ಹೇರ್‌ಪಿನ್ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ, ಜಾತ್ರೆಯ ಬಸ್ಸಿನ ಹಿಂದೆ, ಕಡಿಮೆ ಸುತ್ತಿನಲ್ಲಿ ಎಳೆಯುವ ಶಕ್ತಿ ಬೇಕು. ಅಲ್ಲಿ 6,500 ಸುತ್ತಿನಲ್ಲಿ ಸಿಗುವ ಕುದುರೆಶಕ್ತಿಯಿಂದ ಪ್ರಯೋಜನವಿಲ್ಲ. ಇಂಥ ಕಡೆ ಕಡಿಮೆ ಡಿಗ್ರಿಯ, ಅಗಲ ಕೋನದ ಕ್ಯಾಮ್, ಜೊತೆಗೆ ಕೆಳಗಿನಿಂದಲೇ ಬೂಸ್ಟ್ ಕೊಡುವ ಬ್ಲೋವರ್ ಸರಿಯಾದ ಜೋಡಿ.

ಇಳಿಜಾರಿನಲ್ಲಿ ಇನ್ನೊಂದು ಗಂಭೀರ ವಿಷಯವಿದೆ. ಓವರ್‌ಲ್ಯಾಪ್ ಹೆಚ್ಚಾದರೆ ಐಡ್ಲಿಂಗ್‌ನಲ್ಲಿ ಇನ್‌ಟೇಕಿನ ವ್ಯಾಕ್ಯೂಮ್ ಕುಸಿಯುತ್ತದೆ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ನಡೆಯುವುದು ಅದೇ ವ್ಯಾಕ್ಯೂಮಿನಿಂದ. ಗೇರಿನಲ್ಲಿ ಇಳಿಯುವಾಗ ವ್ಯಾಕ್ಯೂಮ್ ಸಾಕಷ್ಟಿದ್ದರೂ, ಕ್ಲಚ್ ಒತ್ತಿ ನಿಧಾನವಾಗಿ ತಿರುವಿಗೆ ಬಂದಾಗ, ಮತ್ತೆಮತ್ತೆ ಬ್ರೇಕ್ ಒತ್ತುವಾಗ ಪೆಡಲ್ ಗಟ್ಟಿಯಾಗುತ್ತದೆ. ಬೆಟ್ಟದ ರಸ್ತೆಯಲ್ಲಿ ಓಡುವ ಕಾರಿಗೆ ಐಡ್ಲಿಂಗ್‌ನ ಶಾಂತಿ ಸುರಕ್ಷತೆಯ ಪ್ರಶ್ನೆ.

ನಾಕಿಂಗ್, ಅಂದರೆ ಅದುಮಿದ ಮಿಶ್ರಣ ತಾನಾಗಿ ಹೊತ್ತಿಕೊಂಡು ಬಡಿಯುವ ವಿಚಾರದಲ್ಲಿ, ಇನ್‌ಟೇಕ್ ವಾಲ್ವ್ ಮುಚ್ಚುವ ಕ್ಷಣ ಬಹಳ ಮುಖ್ಯ. ಅದು ತಡವಾಗಿ ಮುಚ್ಚಿದಷ್ಟೂ ಪಿಸ್ಟನ್ ಮಿಶ್ರಣವನ್ನು ಅದುಮುವುದು ಕಡಿಮೆ, ನಾಕಿಂಗ್ ಅಪಾಯವೂ ಕಡಿಮೆ. ಮಾಜ್ದಾ ಕಂಪನಿ 1993ರಲ್ಲಿ ತಂದ ಮಿಲ್ಲರ್ ಸೈಕಲ್ ಎಂಜಿನ್ನಿನಲ್ಲಿ ಇದನ್ನೇ ಬಳಸಿಕೊಂಡಿತು: ವಾಲ್ವ್ ತಡವಾಗಿ ಮುಚ್ಚುವುದರಿಂದ ಆಗುವ ಕೊರತೆಯನ್ನು ಸ್ಕ್ರೂ ಬ್ಲೋವರ್ ತುಂಬಿಕೊಟ್ಟಿತು. ಕ್ಯಾಮನ್ನು ಕೆಲವು ಡಿಗ್ರಿ ಮುಂದಕ್ಕೆ ಕೂರಿಸಿದರೆ ಕೆಳಗಿನ ಪಿಕಪ್ ಹೆಚ್ಚುತ್ತದೆ, ನಾಕಿಂಗ್ ಅಪಾಯವೂ ಹೆಚ್ಚುತ್ತದೆ. ಸಾಮಾನ್ಯ ಪೆಟ್ರೋಲ್ ಹಾಕುವವರು ಮೊದಲು ಬೂಸ್ಟನ್ನು ಮಿತಿಯಲ್ಲಿಟ್ಟು, ಅದುಮಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹಾಕಿ, ಆಮೇಲೆ ಕ್ಯಾಮ್ ಬದಲಾಯಿಸುವ ಮಾತಾಡುವುದು ಒಳ್ಳೆಯದು.

ಕ್ಯಾಮ್ ಒಂದನ್ನೇ ಬದಲಿಸಿ ಬಿಡುವಂತಿಲ್ಲ. 0.7 ಬಾರ್ ಬೂಸ್ಟ್, 36 ಮಿಲಿಮೀಟರ್ ಅಗಲದ ಇನ್‌ಟೇಕ್ ವಾಲ್ವಿನ ಬೆನ್ನನ್ನು ಸುಮಾರು 7 ಕಿಲೋ ಭಾರದಷ್ಟು ನೂಕುತ್ತದೆ. ಹಳೆಯ ಸ್ಪ್ರಿಂಗ್ ಅದನ್ನು ತಡೆಯದೆ ವಾಲ್ವ್ ಕುಪ್ಪಳಿಸಬಹುದು. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಇನ್‌ಟೇಕಿನಲ್ಲಿ ಸುಮಾರು 2 ಮಿಲಿಮೀಟರ್, ಎಕ್ಸಾಸ್ಟಿನಲ್ಲಿ 2.5 ಮಿಲಿಮೀಟರ್ ಜಾಗ ಬೇಕೆಂಬುದು ಮೆಕ್ಯಾನಿಕರ ರೂಢಿಯ ಅಳತೆ. ಡಿಗ್ರಿ ವೀಲ್ ಹಾಕಿ ಟೈಮಿಂಗ್ ಅಳೆಯದೆ ಎಂಜಿನ್ ಸ್ಟಾರ್ಟ್ ಮಾಡಬಾರದು. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು ಇರುವ ಕಾರಿಗೆ ಇಂಧನ ಮತ್ತು ಇಗ್ನಿಷನ್ ಮ್ಯಾಪ್ ಹೊಸದಾಗಿ ಬರೆಸಬೇಕು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಬ್ಲೋವರ್ ಕೊಳ್ಳುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಕ್ಯಾಮ್ ತಯಾರಿಸುವವರಲ್ಲಿ ಹೇಳಬೇಕಾದದ್ದು ಎಂಜಿನ್ನಿನ ಅಳತೆ, ಕಂಪ್ರೆಷನ್, ಬ್ಲೋವರಿನ ಜಾತಿ, ಬೂಸ್ಟ್ ಮತ್ತು ಗೇರ್ ಅನುಪಾತ, ಜೊತೆಗೆ ಕಾರು ಹೆಚ್ಚು ಹೊತ್ತು ಯಾವ ಸುತ್ತಿನಲ್ಲಿ ಓಡುತ್ತದೆ ಎಂಬ ವಿವರ.