‘ಪ್ರತಿ ತಿಂಗಳು’ ಎಂದರೆ ವರ್ಷಕ್ಕೆ ಎಷ್ಟು ಸಲ?

‘ಪ್ರತಿ ತಿಂಗಳ 31ಕ್ಕೆ ಬಾಡಿಗೆ’ ಎಂದು ಮನೆ ಮಾಲೀಕರು ಹೇಳಿದರೆ ಅದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿಲ್ಲ: ತಿಂಗಳ ಕೊನೆಗೆ, ವರ್ಷಕ್ಕೆ 12 ಸಲ. ಅದೇ ಮಾತನ್ನು ಕ್ಯಾಲೆಂಡರ್ ತಂತ್ರಾಂಶಗಳು ಒಪ್ಪಿಕೊಂಡಿರುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಓದಿದರೆ ವರ್ಷಕ್ಕೆ ಏಳೇ ಸಲ. 31 ಇಲ್ಲದ ಐದು ತಿಂಗಳನ್ನು ಅದು ಸದ್ದಿಲ್ಲದೆ ದಾಟಿಬಿಡುತ್ತದೆ. ಫೆಬ್ರುವರಿ 29ರಂದು ಹುಟ್ಟಿದ ಮಗುವಿನ ‘ಪ್ರತಿ ವರ್ಷ’ದ ಹುಟ್ಟುಹಬ್ಬ ಅಧಿಕ ವರ್ಷಕ್ಕೊಮ್ಮೆ ಬರುತ್ತದೆ. ಇದನ್ನು ತಂತ್ರಾಂಶದ ದೋಷ ಎನ್ನಲಾಗದು. ಯೋಚಿಸಿ ಬರೆದಿಟ್ಟ ನಿಯಮವೇ ಹೀಗಿದೆ. ತಾರೀಖು ಲೆಕ್ಕ ಹಾಕುವುದು ಯಂತ್ರಕ್ಕೆ ಕಷ್ಟದ ಕೆಲಸವಲ್ಲ. ‘ಪ್ರತಿ’ ಎನ್ನುವಾಗ ಮನುಷ್ಯರು ಏನನ್ನು ಉದ್ದೇಶಿಸಿದ್ದಾರೆ ಎಂದು ತೀರ್ಮಾನಿಸುವುದು ಕಷ್ಟ. ಕಳೆದ ಮೂರು ದಶಕಗಳಲ್ಲಿ ಕ್ಯಾಲೆಂಡರ್ ಲೈಬ್ರರಿಗಳನ್ನು, ಅಂದರೆ ಬೇರೆ ಪ್ರೋಗ್ರಾಮರ್‌ಗಳು ಎತ್ತಿ ಬಳಸಿಕೊಳ್ಳುವ ಸಿದ್ಧ ಕೋಡನ್ನು ಬರೆದವರು ಮಾಡುತ್ತ ಬಂದದ್ದು ಹೆಚ್ಚಾಗಿ ಈ ತೀರ್ಮಾನದ ಕೆಲಸವನ್ನೇ.

ಕಥೆಯ ಬೇರು 1996ರಲ್ಲಿದೆ. ಆ್ಯಪಲ್, ಎಟಿ ಆ್ಯಂಡ್ ಟಿ, ಐಬಿಎಂ, ಸೀಮೆನ್ಸ್ ಕಂಪನಿಗಳು ಸೇರಿ ಕಟ್ಟಿಕೊಂಡಿದ್ದ ವರ್ಸಿಟ್ ಎಂಬ ಕೂಟ ‘ವಿಕ್ಯಾಲೆಂಡರ್’ ಎಂಬ ಕಡತ ರೂಪವನ್ನು ಹೊರತಂದಿತು. ಅದರ ಮೇಲೆ ಕಟ್ಟಿದ ‘ಐಕ್ಯಾಲೆಂಡರ್’ ಮಾನದಂಡ 1998ರಲ್ಲಿ ಆರ್‌ಎಫ್‌ಸಿ 2445 ಎಂಬ ಹೆಸರಿನಲ್ಲಿ ಪ್ರಕಟವಾಯಿತು. 2009ರಲ್ಲಿ ಆರ್‌ಎಫ್‌ಸಿ 5545 ಅದರ ಜಾಗಕ್ಕೆ ಬಂತು. ಇಂದು ಆಮಂತ್ರಣದ ಜೊತೆ ಇ–ಮೇಲಿನಲ್ಲಿ ಬರುವ ‘ಐಸಿಎಸ್’ ಫೈಲು ಇದೇ. ಇದರಲ್ಲಿ ಮರುಕಳಿಸುವ ಕಾರ್ಯಕ್ರಮದ ತಾರೀಖುಗಳ ಪಟ್ಟಿ ಇರುವುದಿಲ್ಲ, ‘ಆರ್‌ರೂಲ್’ ಎಂಬ ಒಂದೇ ಸಾಲು ಇರುತ್ತದೆ: ಯಾವ ಆವರ್ತನ, ಎಷ್ಟು ಅಂತರ, ಯಾವ ವಾರ, ಎಲ್ಲಿಯವರೆಗೆ. ಪಟ್ಟಿಯನ್ನು ಬಿಟ್ಟು ನಿಯಮವನ್ನು ಬರೆದಿಡುವ ಈ ಆಯ್ಕೆಯಿಂದಲೇ ಮುಂದಿನ ಅನುಕೂಲಗಳೂ ತಲೆನೋವುಗಳೂ ಹುಟ್ಟಿದವು.

ತಾರೀಖುಗಳನ್ನೇ ಬರೆದಿಟ್ಟರೆ ಆಗದೇ, ಕಂಪ್ಯೂಟರಿನಲ್ಲಿ ಜಾಗಕ್ಕೇನು ಬರವೇ ಎಂದು ಕೇಳಬಹುದು. ಆಗುತ್ತದೆ, ಆದರೆ ಪಟ್ಟಿಗೆ ಕೊನೆ ಇರಬೇಕು. ‘ಎಂದೆಂದಿಗೂ’ ಎಂಬುದನ್ನು ಪಟ್ಟಿ ಮಾಡಲಾಗದು. ಅದಕ್ಕಿಂತ ದೊಡ್ಡ ಮಾತೆಂದರೆ, ಪಟ್ಟಿಯಲ್ಲಿ ಉದ್ದೇಶ ಉಳಿಯುವುದಿಲ್ಲ. 2015ರ ಸೆಪ್ಟೆಂಬರ್ 1ರಿಂದ ನಮ್ಮ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಇದನ್ನು 24 ತಾರೀಖುಗಳಾಗಿ ಬರೆದರೆ ಓದಿದವರಿಗೆ ಕಾರಣ ತಿಳಿಯದು. ಆರ್‌ರೂಲ್ ಆಗಿ ಬರೆದರೆ ಅರ್ಧ ಸಾಲಿನಲ್ಲಿ ಮುಗಿಯುತ್ತದೆ, ಐದನೇ ಶನಿವಾರಕ್ಕೆ ಬ್ಯಾಂಕು ತೆರೆದಿರುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ. ಮಾನದಂಡದಲ್ಲೇ ಕೊಟ್ಟಿರುವ ಒಂದು ಉದಾಹರಣೆ ಇನ್ನೂ ಸೊಗಸಾಗಿದೆ. ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಡೆಯುವುದು ನಾಲ್ಕು ವರ್ಷಕ್ಕೊಮ್ಮೆ, ನವೆಂಬರಿನ ಮೊದಲ ಸೋಮವಾರದ ಮರುದಿನ. ಅದನ್ನು ಯಂತ್ರಕ್ಕೆ ಹೇಳುವ ಬಗೆ: ನವೆಂಬರಿನ ಮಂಗಳವಾರ, ತಾರೀಖು 2ರಿಂದ 8ರೊಳಗಿನದು. ಕಾನೂನಿನ ಒಂದು ತೊಡಕು ವಾಕ್ಯ ಹೀಗೆ ಎರಡು ಷರತ್ತಾಗಿ ಕರಗಿದೆ.

ನಿಯಮ ಬರೆದರೆ ಸಾಲದು, ಅದನ್ನು ಬಿಡಿಸಿ ತಾರೀಖು ತೆಗೆಯಬೇಕು. ಈ ಹೊರೆ ಬಿದ್ದದ್ದು ಲೈಬ್ರರಿಗಳ ಮೇಲೆ. ಪೈಥಾನ್ ಭಾಷೆಯಲ್ಲಿ 2003ರಲ್ಲಿ ಗುಸ್ತಾವೊ ನೀಮೆಯರ್ ಆರಂಭಿಸಿದ ‘ಡೇಟ್‌ಯುಟಿಲ್’ ಇವುಗಳಲ್ಲಿ ಹೆಸರಾದದ್ದು. ಜಾವಾಸ್ಕ್ರಿಪ್ಟ್‌ನವರೂ ಅದರ ನಿಯಮ ಬಿಡಿಸುವ ಭಾಗವನ್ನು ತಮ್ಮ ಭಾಷೆಗೆ ಇಳಿಸಿಕೊಂಡರು. ಕೊನೆಯಿಲ್ಲದ ನಿಯಮವನ್ನು ಕೊಟ್ಟು ಎಲ್ಲ ತಾರೀಖುಗಳನ್ನೂ ಕೇಳಿದರೆ ಅದು ಕ್ರಿ.ಶ. 9999ರವರೆಗೆ ಎಣಿಸುತ್ತ ಹೋಗುತ್ತದೆ, ಏಕೆಂದರೆ ಪೈಥಾನ್‌ನ ತಾರೀಖು ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಬಲ್ಲವರು ಎಲ್ಲವನ್ನೂ ಕೇಳುವುದಿಲ್ಲ. ಈ ದಿನದಿಂದ ಆ ದಿನದವರೆಗೆ ಕೊಡು ಎನ್ನುತ್ತಾರೆ. ನಿಜವಾದ ಬಿಕ್ಕಟ್ಟುಗಳು ಸಣ್ಣ ವಿವರಗಳಲ್ಲಿವೆ. 1997ರ ಆಗಸ್ಟ್ 5, ಮಂಗಳವಾರದಿಂದ ‘ವಾರ ಬಿಟ್ಟು ವಾರ, ಮಂಗಳವಾರ ಮತ್ತು ಭಾನುವಾರ’ ಒಟ್ಟು ನಾಲ್ಕು ಸಲ ಎಂದು ಹೇಳಿದೆವು ಎನ್ನೋಣ. ವಾರ ಸೋಮವಾರಕ್ಕೆ ಆರಂಭವಾಗುತ್ತದೆ ಎಂದು ಹಿಡಿದರೆ ಉತ್ತರ 5, 10, 19, 24. ನಮ್ಮಲ್ಲಿ ಎಣಿಸುವಂತೆ ಭಾನುವಾರದಿಂದ ಎಂದರೆ 5, 17, 19, 31. ಮಾತು ಒಂದೇ, ತಾರೀಖುಗಳಲ್ಲಿ ಅರ್ಧ ಬೇರೆ. ಆರಂಭದ ದಿನವೇ ನಿಯಮಕ್ಕೆ ಹೊಂದದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕೇ? 1998ರ ಮಾನದಂಡ ಹೌದೆಂದಿತು, 2009ರದು ‘ಇಂಥ ಪರಿಸ್ಥಿತಿಗೆ ಉತ್ತರ ನಿಗದಿಯಿಲ್ಲ’ ಎಂದು ಕೈತೊಳೆದುಕೊಂಡಿತು, ಡೇಟ್‌ಯುಟಿಲ್ ಬೇಡವೆಂದು ತಾನೇ ತೀರ್ಮಾನಿಸಿತು. ಇಲ್ಲಿ ಗಣಿತಕ್ಕೆ ಹೇಳಲು ಏನೂ ಇಲ್ಲ. ಯಾರೋ ಒಬ್ಬರು ಕೂತು ಇದು ಹೀಗಿರಲಿ ಎನ್ನಬೇಕು.

ಎಲ್ಲವನ್ನೂ ಒಂದೇ ಜಾಗತಿಕ ಸಮಯಕ್ಕೆ, ಯುಟಿಸಿಗೆ, ಕಟ್ಟಿಹಾಕಿದರೆ ಗೊಂದಲವೇ ಇರದು ಎನ್ನುವವರಿದ್ದಾರೆ. ಮುಗಿದುಹೋದ ಘಟನೆಗೆ ಅದು ಸರಿ. ಮುಂದೆ ಮರುಕಳಿಸುವುದಕ್ಕೆ ತಪ್ಪು. ನ್ಯೂಯಾರ್ಕಿನಲ್ಲಿ ಬೆಳಗ್ಗೆ 9ಕ್ಕೆ ನಡೆಯುವ ಸಭೆ ಬೆಂಗಳೂರಿನಲ್ಲಿರುವವರಿಗೆ ಬೇಸಿಗೆಯಲ್ಲಿ ಸಂಜೆ 6:30ಕ್ಕೆ, ಚಳಿಗಾಲದಲ್ಲಿ 7:30ಕ್ಕೆ. ಸಭೆ ಕರೆದವರ ಮನಸ್ಸಿನಲ್ಲಿರುವುದು ಅವರ ಗೋಡೆ ಗಡಿಯಾರದ 9 ಗಂಟೆ, ಯುಟಿಸಿಯ ಅಂಕೆಯಲ್ಲ. ಆ ಗಡಿಯಾರವನ್ನು ಯಾವಾಗ ತಿರುಗಿಸಬೇಕೆಂದು ಹೇಳುವುದು ಶಾಸನಸಭೆ, ಅದು ಮನಸ್ಸು ಬದಲಿಸುತ್ತದೆ: 2005ರ ಕಾನೂನಿನಂತೆ ಅಮೆರಿಕ 2007ರಿಂದ ಮಾರ್ಚಿನ ಎರಡನೇ ಭಾನುವಾರಕ್ಕೆ ಗಡಿಯಾರ ಮುಂದಿಡುತ್ತದೆ. ಹಾಗಾಗಿಯೇ ಐಕ್ಯಾಲೆಂಡರ್ ಸ್ಥಳೀಯ ಸಮಯವನ್ನೂ ಕಾಲವಲಯದ ಹೆಸರನ್ನೂ ಒಟ್ಟಿಗೆ ಇಡುತ್ತದೆ. ತಮಾಷೆಯೆಂದರೆ, ಗಡಿಯಾರ ತಿರುಗಿಸುವ ಆ ಭಾನುವಾರವನ್ನೂ ಅದೇ ಫೈಲಿನಲ್ಲಿ ಇನ್ನೊಂದು ಆರ್‌ರೂಲ್ ಆಗಿಯೇ ಬರೆಯುತ್ತಾರೆ.

ಇಷ್ಟೆಲ್ಲ ಪಳಗಿದ ವ್ಯವಸ್ಥೆ ಯುಗಾದಿಯ ಮುಂದೆ ತಡವರಿಸುತ್ತದೆ. ಮೂಲ ಆರ್‌ರೂಲ್ ಗ್ರೆಗೋರಿಯನ್ ಕ್ಯಾಲೆಂಡರ್ ಒಂದನ್ನೇ ಬಲ್ಲದು. 2015ರಲ್ಲಿ ಬಂದ ಆರ್‌ಎಫ್‌ಸಿ 7529 ಚೀನೀ, ಹೀಬ್ರೂ, ಇಥಿಯೋಪಿಯದಂಥ ಕ್ಯಾಲೆಂಡರುಗಳಿಗೂ ನಿಯಮ ಬರೆಯಲು ದಾರಿ ತೆರೆಯಿತು. ಅಧಿಕ ಮಾಸಕ್ಕೆ ಅದರಲ್ಲಿ ಗುರುತಿದೆ. ಇಲ್ಲದ ದಿನ ಬಂದರೆ ಬಿಟ್ಟುಬಿಡಬೇಕೇ, ಹಿಂದಕ್ಕೆ ಸರಿಸಬೇಕೇ, ಮುಂದಕ್ಕೆ ಸರಿಸಬೇಕೇ ಎಂದು ಹೇಳುವ ಅವಕಾಶವೂ ಇದೆ. 31ರ ಬಾಡಿಗೆಗೂ ಫೆಬ್ರುವರಿ 29ರ ಮಗುವಿಗೂ ಅದರಿಂದ ಉಪಕಾರವಾಯಿತು. ನಮಗೆ ಮಾತ್ರ ಹೆಚ್ಚಿನ ಪ್ರಯೋಜನವಾಗಲಿಲ್ಲ. ಅದು ಆಧರಿಸಿರುವ ಯೂನಿಕೋಡ್‌ನ ಪಟ್ಟಿಯಲ್ಲಿ ‘ಇಂಡಿಯನ್’ ಎಂಬ ಕ್ಯಾಲೆಂಡರೇನೋ ಇದೆ, ಆದರೆ ಅದು ಮೇಘನಾದ ಸಹಾ ಸಮಿತಿಯ ಶಿಫಾರಸಿನಂತೆ 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗ. ಅದರ ಚೈತ್ರ 1 ಬರುವುದು ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ. 2023ರಲ್ಲಿ ಯುಗಾದಿಯೂ ಮಾರ್ಚ್ 22ಕ್ಕೇ ಬಂದದ್ದು ಆಕಸ್ಮಿಕ. ಮರುವರ್ಷ ಅದು ಏಪ್ರಿಲ್ 9ಕ್ಕೆ ಹೋಯಿತು.

ಪಂಚಾಂಗವೂ ಲೆಕ್ಕವೇ ಅಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಎಡ್ವರ್ಡ್ ರೈನ್‌ಗೋಲ್ಡ್ ಮತ್ತು ನಾಹುಮ್ ಡರ್ಶೋವಿಟ್ಜ್ ತಮ್ಮ ಕ್ಯಾಲೆಂಡರ್ ಗಣಿತದ ಗ್ರಂಥದಲ್ಲಿ ಹಿಂದೂ ಪಂಚಾಂಗಗಳನ್ನೂ ಕೋಡಿಗೆ ಇಳಿಸಿ ತೋರಿಸಿದ್ದಾರೆ. ಚಂದ್ರ ಎಲ್ಲಿದ್ದಾನೆ ಎಂಬುದು ಸಮಸ್ಯೆಯಲ್ಲ. ತಿಥಿಯನ್ನು ಯಾವ ಊರಿನ ಸೂರ್ಯೋದಯಕ್ಕೆ ನೋಡಬೇಕು, ಈ ಹಬ್ಬಕ್ಕೆ ಸೂರ್ಯೋದಯವೋ, ಮಧ್ಯಾಹ್ನವೋ, ಶಿವರಾತ್ರಿಯಂತೆ ನಡುರಾತ್ರಿಯೋ, ತಿಥಿ ಕ್ಷಯವಾದರೆ ಏನು ಎಂಬುದು ಸಮಸ್ಯೆ. 2026ರ ಯುಗಾದಿಯನ್ನೇ ನೋಡಿ. ಬೆಂಗಳೂರಿನಲ್ಲಿ ಮಾರ್ಚ್ 19ರ ಸೂರ್ಯೋದಯಕ್ಕೆ ಅಮಾವಾಸ್ಯೆ ಇನ್ನೂ ಮುಗಿದಿರುವುದಿಲ್ಲ. ಪಾಡ್ಯ ಹುಟ್ಟುವುದು ಅದಾದ ಸ್ವಲ್ಪ ಹೊತ್ತಿಗೆ, ಮುಗಿಯುವುದು 20ರ ನಸುಕಿನಲ್ಲಿ. ಯಾವ ಸೂರ್ಯೋದಯವೂ ಅದಕ್ಕೆ ಸಿಗುವುದಿಲ್ಲ, ಆದ್ದರಿಂದ ಕ್ಷಯ ತಿಥಿಯ ವಾದ ಹಿಡಿದು 19ಕ್ಕೇ ಹಬ್ಬ. ಸ್ಯಾನ್ ಫ್ರಾನ್ಸಿಸ್ಕೊದ ಕನ್ನಡಿಗರಿಗೆ ಅದೇ ಪಾಡ್ಯ 19ರ ಬೆಳಗ್ಗೆ ಸೂರ್ಯೋದಯಕ್ಕೆ ಸಲೀಸಾಗಿ ಇರುತ್ತದೆ. ಎರಡೂ ಕಡೆ ಬೇವು–ಬೆಲ್ಲ ಒಂದೇ ತಾರೀಖಿಗೆ, ಕಾರಣ ಮಾತ್ರ ಬೇರೆ. ಐಸಿಎಸ್ ಫೈಲಿನಲ್ಲಿ ಆ ಕಾರಣ ಬರೆಯಲು ಜಾಗವಿಲ್ಲ. ಅಲ್ಲಿ ಯುಗಾದಿ ಇನ್ನೂ ಹಳೆಯ ಕಾಲದ ಪಟ್ಟಿಯಂತೆ, ಒಂದು ವರ್ಷಕ್ಕೆ ಒಂದು ತಾರೀಖಾಗಿ ಕೂತಿದೆ.